ಅಪಾರ್ಟ್‌ಮೆಂಟ್‌ನಲ್ಲಿ ಮನೆ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿಯಲ್ಲಿ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಹಬ್ಬ ಬಂದರೆ ಚಕ್ಕುಲಿ, ಕೋಡುಬಳೆ, ಸಂಕ್ರಾಂತಿಗೆ ಎಳ್ಳುಬೆಲ್ಲ. ನಡುವೆ ಎರಡು ವರ್ಷ ನಮ್ಮ ಓನರ್ಸ್ ಅಸೋಸಿಯೇಷನ್‌ನ ಸೆಕ್ರೆಟರಿಯೂ ಆಗಿದ್ದೆ. ಹಾಗಾಗಿ ದೂರು ಹೇಳಿಸಿಕೊಂಡೂ ಗೊತ್ತು, ಬಂದ ದೂರು ಓದಿಯೂ ಗೊತ್ತು. ಲಿಫ್ಟ್‌ನಲ್ಲಿ, ಪಾರ್ಕ್‌ನಲ್ಲಿ, ವಾಟ್ಸಾಪ್‌ನಲ್ಲಿ ಜನ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಕಾನೂನಿನ ಮಾತು ಬರುವ ಕಡೆ ಕರ್ನಾಟಕದ ಲೆಕ್ಕ ಹೇಳಿದ್ದೇನೆ.

## ಶುರು ಮಾಡುವ ಮುಂಚೆ

ಸ್ವಂತ ಫ್ಲಾಟ್ ರೀ. ನನ್ನ ಮನೆಯೊಳಗೆ ನಾನೇನು ಮಾಡಿದ್ರೆ ಇವರಿಗೇನು?

ಗೋಡೆಯ ಒಳಗಿನದು ನಿಮ್ಮದು, ಸರಿ. ಆದರೆ ಲಿಫ್ಟು, ಮೆಟ್ಟಿಲು, ಡಕ್ಟು, ಕೊಳವೆ, ಗೇಟು, ಟೆರೇಸು ಇವೆಲ್ಲ ಎಲ್ಲರದೂ. ಫ್ಲಾಟ್ ಕೊಳ್ಳುವಾಗ ಡಿಕ್ಲರೇಷನ್ ಡೀಡ್ (ಕಟ್ಟಡದ ಘೋಷಣಾ ಪತ್ರ) ಮತ್ತು ಬೈಲಾಗೆ (ಸಂಘದ ನಿಯಮಾವಳಿಗೆ) ಒಪ್ಪಿಕೊಂಡೇ ಸಹಿ ಹಾಕಿರುತ್ತೀರಿ. ಓದಿ ಹಾಕಿದ್ದೀರೋ ಇಲ್ಲವೋ ಅದು ಬೇರೆ ಮಾತು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಅಡಿ ಇರುವ ಕಟ್ಟಡವಾದರೆ ಆ ಬೈಲಾ ಪ್ರತಿಯೊಬ್ಬ ಮಾಲೀಕನಿಗೂ ಅನ್ವಯ. ಕೆಲವು ಸಂಘಗಳು ಆ ಕಾಯ್ದೆ ಬಿಟ್ಟು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ. ನಿಮ್ಮದು ಯಾವುದು ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಮುಂದೆ ಜಗಳ ಬಂದರೆ ಎಲ್ಲಿಗೆ ಹೋಗಬೇಕು ಅನ್ನುವುದು ಇದರ ಮೇಲೆಯೇ ನಿಂತಿರುತ್ತದೆ.

ಬೈಲಾದಲ್ಲಿ "ವಾಸಕ್ಕೆ ಮಾತ್ರ" ಅಂತ ಬರೆದಿದೆ. ಹಾಗಾದ್ರೆ ಕಥೆ ಮುಗೀತಾ?

ಮುಗಿದಿಲ್ಲ. 1972ರ ಕಾಯ್ದೆ ಬಂದದ್ದೇ ವಾಸದ ಕಟ್ಟಡಗಳಿಗೆ. ಹಾಗಾಗಿ ಆ ಸಾಲು ಹೆಚ್ಚು ಕಡಿಮೆ ಎಲ್ಲ ಬೈಲಾದಲ್ಲೂ ಇರುತ್ತದೆ. ಅದರ ಪಕ್ಕದ ಸಾಲುಗಳನ್ನೂ ಓದಿ. "ಅಂಗಡಿ, ಗೋದಾಮು, ಕ್ಲಿನಿಕ್ ನಡೆಸಬಾರದು" ಎಂದು ಹೆಸರು ಹಿಡಿದು ಹೇಳಿದೆಯಾ? "ನೆರೆಯವರಿಗೆ ತೊಂದರೆ ಆಗುವ ಯಾವುದೇ ಕೆಲಸ" ಎಂದು ಹೇಳಿದೆಯಾ? ಅಥವಾ ಬೋರ್ಡ್ ಹಾಕಬಾರದು ಅಂತಷ್ಟೇ ಇದೆಯಾ?

ಮನೆಯಲ್ಲಿ ವಾಸ ಮಾಡುತ್ತಾ ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕಪತ್ರ ಬರೆಯುವವರನ್ನು ಯಾವ ಕಮಿಟಿಯೂ ಕೇಳುವುದಿಲ್ಲ. 2020ರ ಲಾಕ್‌ಡೌನ್ ಆದಮೇಲಂತೂ ಅರ್ಧ ಬೆಂಗಳೂರು ಊಟದ ಟೇಬಲ್ ಮೇಲೆಯೇ ಆಫೀಸು ನಡೆಸಿದೆ. ಇಡೀ ಫ್ಲಾಟನ್ನೇ ಗೋದಾಮು ಮಾಡಿ, ಮನೆಯಲ್ಲಿ ಯಾರೂ ಮಲಗದಿದ್ದರೆ ಅದು ವಾಸವಲ್ಲ. ಈ ಎರಡರ ನಡುವೆ ಇರುವವರೇ ನಾವು. ನಾನು ಸೆಕ್ರೆಟರಿ ಆಗಿದ್ದಾಗ ವ್ಯಾಪಾರದ ಬಗ್ಗೆಯೇ ಬಂದ ದೂರು ಒಂದೂ ಇರಲಿಲ್ಲ. ಬಂದದ್ದೆಲ್ಲ ವಾಸನೆ, ಸದ್ದು, ಲಿಫ್ಟು, ಪಾರ್ಕಿಂಗ್. ಅಂದರೆ ಬಾಗಿಲು ದಾಟಿ ಹೊರಗೆ ಬಂದದ್ದರ ಬಗ್ಗೆ.

ಕಮಿಟಿಗೆ ಹೇಳಿ ಶುರು ಮಾಡೋದಾ, ಸುಮ್ನೆ ಶುರು ಮಾಡೋದಾ?

ಹೇಳಿ. ಆದರೆ "ಅನುಮತಿ ಕೊಡಿ" ಎಂದು ಬರೆಯಬೇಡಿ. ಅನುಮತಿ ಕೇಳಿದರೆ ಅದನ್ನು ಕೊಡುವ ಹೊಣೆ ಕಮಿಟಿಯ ತಲೆಗೆ ಬರುತ್ತದೆ. ಹೊಣೆ ಬೇಡವಾದವರು ಇಲ್ಲ ಅಂದುಬಿಡುತ್ತಾರೆ, ಅಷ್ಟೇ. ಒಂದು ಇಮೇಲ್‌ನಲ್ಲಿ ವಿಷಯ ತಿಳಿಸಿ: ಏನು ಮಾಡುತ್ತೀರಿ, ದಿನಕ್ಕೆ ಎಷ್ಟು ಜನ ಬರುತ್ತಾರೆ, ಯಾವ ಹೊತ್ತಿಗೆ, ಏನು ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಅದಕ್ಕಿಂತ ಮುಂಚೆ ಮೇಲಿನ ಮನೆ, ಕೆಳಗಿನ ಮನೆ, ಎದುರು ಮನೆಗೆ ಒಂದೊಂದು ಡಬ್ಬಿ ಕೊಟ್ಟು ಬಾಯಲ್ಲಿ ಹೇಳಿ ಬನ್ನಿ. ಲಂಚ ಅಂತ ನಗಬೇಡಿ. ರುಚಿ ನೋಡಿದವರು ದೂರು ಬರೆಯುವ ಮುಂಚೆ ಒಂದು ಸಲ ಬೆಲ್ ಮಾಡುತ್ತಾರೆ.

ನಾವು ಬಾಡಿಗೆಗೆ ಇದ್ದೀವಿ. ನಮಗೂ ಇದೇ ರೂಲ್ಸಾ?

ಇದರ ಮೇಲೆ ಇನ್ನೊಂದು. ಹನ್ನೊಂದು ತಿಂಗಳ ಕರಾರಿನಲ್ಲೂ "ವಾಸಕ್ಕೆ ಮಾತ್ರ" ಅಂತ ಇರುತ್ತದೆ. ಕಮಿಟಿ ನಿಮ್ಮನ್ನು ಕೇಳುವುದಿಲ್ಲ, ನಿಮ್ಮ ಓನರ್‌ಗೆ ಫೋನ್ ಮಾಡುತ್ತದೆ. ಓನರ್ ಎಲ್ಲೋ ದೂರದಲ್ಲಿದ್ದು ಮೊದಲ ಸಲ ಸುದ್ದಿ ಕೇಳಿದರೆ ಮನೆ ಖಾಲಿ ಮಾಡಿ ಅನ್ನುತ್ತಾರೆ. ಅವರಿಗೆ ಮೊದಲೇ ಹೇಳಿ, ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಿ. ಮುಂದೆ ಜಿಎಸ್‌ಟಿ ಮಾಡಿಸುವುದಾದರೆ ಬಾಡಿಗೆ ಕರಾರು, ಕರೆಂಟ್ ಬಿಲ್, ಓನರ್ ಒಪ್ಪಿಗೆ ಪತ್ರ ಹೇಗೂ ಬೇಕಾಗುತ್ತವೆ.

## ಕಾಗದ ಪತ್ರ

ಹತ್ತು ಮನೆಗೆ ಹೋಳಿಗೆ ಕೊಡ್ತೀನಿ ಅಷ್ಟೇ. ಅದಕ್ಕೂ ಫುಡ್ ಲೈಸೆನ್ಸ್ ಬೇಕಾ?

ದುಡ್ಡು ತೆಗೆದುಕೊಂಡರೆ ಬೇಕು. ಎಲ್ಲರೂ ಲೈಸೆನ್ಸ್ ಅನ್ನುತ್ತಾರೆ, ಆದರೆ ನಮ್ಮಂಥವರಿಗೆ ಬೇಕಾದದ್ದು ನೋಂದಣಿ. ಆಹಾರ ಸುರಕ್ಷತೆ ಕಾಯ್ದೆ 2006ರದ್ದು. ಅದರ 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ವಹಿವಾಟು ಇರುವವರನ್ನು ಸಣ್ಣ ವ್ಯಾಪಾರಿ ಎಂದು ಕರೆದು, ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟರು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಎಂಬ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. 14 ಅಂಕಿಯ ನಂಬರ್ ಬರುತ್ತದೆ. 100 ರೂಪಾಯಿ ಕೆಲಸಕ್ಕೆ ಏಜೆಂಟ್‌ಗೆ ಎರಡು ಸಾವಿರ ಕೊಟ್ಟವರನ್ನು ಕಂಡಿದ್ದೇನೆ.

ಒಂದು ಮಾತು. ಈ ನಂಬರ್ ಇದೆ ಅಂದಮಾತ್ರಕ್ಕೆ ಸಂಘ ಒಪ್ಪಿದೆ ಎಂದಲ್ಲ. ಅದು ನಿಮ್ಮ ಅಡುಗೆಮನೆಗೆ ಸಂಬಂಧಿಸಿದ್ದು, ಲಿಫ್ಟ್‌ಗಲ್ಲ.

ಡಬ್ಬದ ಮೇಲೆ ಏನೇನು ಬರೀಬೇಕು? ಮೊಟ್ಟೆ ಹಾಕಿದ ಕೇಕ್‌ಗೆ ಹಸಿರು ಚುಕ್ಕಿ ಹಾಕಬಹುದಾ?

ಹಾಕಬಾರದು! ಹೊಸದಾಗಿ ಬೇಕಿಂಗ್ ಶುರು ಮಾಡಿದವರು ಮಾಡುವ ತಪ್ಪು ಇದೇ. ಲೇಬಲ್ ನಿಯಮದಲ್ಲಿ ಮೊಟ್ಟೆಯೂ ಮಾಂಸಾಹಾರದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕಂದು ತ್ರಿಕೋನವೇ ಬೇಕು. ಉಳಿದದ್ದು: ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ತೂಕ, ತಯಾರಿಸಿದ ದಿನ, ಎಷ್ಟು ದಿನ ಇಡಬಹುದು, ಬೆಲೆ, ನಿಮ್ಮ ಹೆಸರು ವಿಳಾಸ, ಆ 14 ಅಂಕಿ. ಕಡಲೆಬೀಜ, ಗೋಡಂಬಿ, ಹಾಲು, ಗೋಧಿ ಇದ್ದರೆ ಎದ್ದು ಕಾಣುವ ಹಾಗೆ ಬರೆಯಿರಿ.

ಜಿಎಸ್‌ಟಿ ಯಾವಾಗ? ಯುಪಿಐ ತಗೊಂಡ್ರೆ ನೋಟಿಸ್ ಬರುತ್ತಂತೆ?

ಈ ಹೆದರಿಕೆ ಶುರುವಾದದ್ದು ಜುಲೈ 2025ರಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂದು ಕೈಬರಹದ ಚೀಟಿಗಳು ಬಂದವು. ಆಮೇಲೆ ಸರ್ಕಾರ ಸ್ವಲ್ಪ ಹಿಂದೆ ಸರಿಯಿತು.

ಲೆಕ್ಕ ಮಾತ್ರ ಅದೇ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ. ಡಬ್ಬಿ ತುಂಬಿ ಮಾರುವ ಪುಡಿ ಸರಕು. ಹೊಲಿಗೆ, ಟ್ಯೂಷನ್, ಕೇಟರಿಂಗ್ ಸೇವೆ. ಎರಡೂ ಮಾಡಿದರೆ 20ರ ಲೆಕ್ಕ ಹಿಡಿಯಿರಿ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ. ಹೈದರಾಬಾದಿನ ತಂಗಿಯ ಗೆಳತಿಯರಿಗೆಲ್ಲ ಕೊರಿಯರ್ ಮಾಡುವ ಮುಂಚೆ ಒಬ್ಬ ಲೆಕ್ಕಿಗರನ್ನು ಕೇಳಿ.

ನನ್ನ ಸಲಹೆ: ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್. ಮೈದುನ ಕಳಿಸಿದ ಚೀಟಿ ದುಡ್ಡು, ಗೆಳತಿ ವಾಪಸ್ ಕೊಟ್ಟ ಸಾಲ ಎಲ್ಲ ಅದೇ ಕ್ಯೂಆರ್‌ಗೆ ಬಿದ್ದರೆ, ನಾಳೆ ಯಾವುದು ವ್ಯಾಪಾರ ಅಂತ ತೋರಿಸುವುದು ನಿಮ್ಮ ತಲೆನೋವು.

ಜಿಎಸ್‌ಟಿ ಮಾಡಿಸಿದ್ರೆ ಬೋರ್ಡ್ ಹಾಕಲೇಬೇಕಂತೆ. ಬೈಲಾದಲ್ಲಿ ಬೋರ್ಡ್ ಹಾಕೋ ಹಾಗಿಲ್ಲ. ಏನ್ ಮಾಡ್ಲಿ?

ಇಬ್ಬರು ಹೇಳುವುದೂ ನಿಜ. ಜಿಎಸ್‌ಟಿ ನಿಯಮದಲ್ಲಿ ಪ್ರಮಾಣಪತ್ರವನ್ನು ಕಾಣುವ ಕಡೆ ಹಾಕಬೇಕು, ಬಾಗಿಲ ಹೆಸರಿನ ಫಲಕದಲ್ಲಿ ನಂಬರ್ ಇರಬೇಕು. ಆದರೆ ಫಲಕ ಇಷ್ಟೇ ದೊಡ್ಡದಿರಬೇಕು, ಲೈಟ್ ಹಾಕಬೇಕು ಅಂತೇನೂ ಇಲ್ಲ ಅಲ್ವಾ? ನಿಮ್ಮ ಮನೆ ಹೆಸರಿನ ಫಲಕದ ಕೆಳಗೆ ಒಂದು ಸಣ್ಣ ಸಾಲು ಸಾಕು. ಗೇಟಿನ ಹತ್ತಿರ, ಲಿಫ್ಟ್ ಒಳಗೆ, ಬಾಲ್ಕನಿಗೆ ಕಟ್ಟಿದ ಬ್ಯಾನರ್ ಇವು ಬೇಡ.

ಉದ್ಯಮ್ ನೋಂದಣಿಗೆ ಎಷ್ಟು ದುಡ್ಡು?

ಒಂದು ರೂಪಾಯಿಯೂ ಇಲ್ಲ. ಇದು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಜುಲೈ 1, 2020ರಿಂದ ಆಧಾರ್ ಇದ್ದರೆ ಪುಕ್ಕಟೆ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಪಾಲಿಕೆಯ ಟ್ರೇಡ್ ಲೈಸೆನ್ಸ್?

2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ನಿಮ್ಮದು ಯಾವುದು ಎಂದು ನೋಡಿಕೊಂಡು ಅಲ್ಲಿನ ಆರೋಗ್ಯ ಅಧಿಕಾರಿಗಳ ಕಚೇರಿಯಲ್ಲಿ ನಿಮ್ಮ ಕೆಲಸದ ಹೆಸರು ಹೇಳಿ ಕೇಳಿ. ಒಲೆ, ಗಿರಣಿ, ಪಾರ್ಲರ್ ಇರುವವರು ಕೇಳಲೇಬೇಕು.

## ನೆರೆಹೊರೆ

ಮಸಾಲೆ ಹುರಿದ್ರೆ ಮೇಲಿನವರು ಬಂದು ಜಗಳ. ಕಿಟಕಿ ಹಾಕಿಕೊಂಡೇ ಮಾಡ್ತೀನಿ, ಆದ್ರೂ!

ಕಿಟಕಿ ಅಲ್ಲ, ನಿಮ್ಮ ಎಕ್ಸಾಸ್ಟ್ ಫ್ಯಾನ್ ಎಲ್ಲಿಗೆ ಊದುತ್ತದೆ ನೋಡಿ. ನಮ್ಮದು ಯುಟಿಲಿಟಿ ಪಕ್ಕದ ಡಕ್ಟ್‌ಗೆ ಊದುತ್ತಿತ್ತು. ಆ ಡಕ್ಟ್‌ಗೇ ಮೇಲಿನ ಎಲ್ಲ ಮನೆಗಳ ಬಚ್ಚಲ ಕಿಟಕಿ. ಒಂದು ಬೆಳಗ್ಗೆ ಬ್ಯಾಡಗಿ ಜೊತೆ ಒಂದು ಕೆಜಿ ಗುಂಟೂರು ಮೆಣಸಿನಕಾಯಿ ಹುರಿಯಲು ಕೂತೆ. ಹತ್ತು ನಿಮಿಷಕ್ಕೆ ಐದನೇ ಮಹಡಿಯ ಅಂಕಲ್ ತಲೆಗೆ ಟವೆಲ್ ಸುತ್ತಿಕೊಂಡು, ಕಿವಿಯಲ್ಲಿ ಇನ್ನೂ ಸೋಪಿನ ನೊರೆ ಇಟ್ಟುಕೊಂಡು ಬಾಗಿಲಿಗೆ ಬಂದರು. "ಏನಮ್ಮಾ, ಸ್ನಾನಾನೂ ಮಾಡಬಾರದಾ?" ಅಂದು ನಾಲ್ಕು ಸಲ ಸೀನಿದರು. ನನಗೆ ನಗು, ನಾಚಿಕೆ ಎರಡೂ.

ಅಂದಿನಿಂದ ಮೂರು ಬದಲಾವಣೆ ಮಾಡಿಕೊಂಡೆ. ಮೆಣಸಿನಕಾಯಿಯನ್ನು ಸ್ವಲ್ಪಸ್ವಲ್ಪವಾಗಿ, ಒಂದು ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಘಾಟು ಅರ್ಧ ಇಳಿಯುತ್ತದೆ. ಹನ್ನೊಂದು ಗಂಟೆಗೆ ಮುಂಚೆ ಬಾಣಲೆ ಇಡುವುದಿಲ್ಲ, ಅಷ್ಟರಲ್ಲಿ ಎಲ್ಲರ ಸ್ನಾನ ಆಗಿರುತ್ತದೆ. ಬೀಸುವುದು ಮನೆಯಲ್ಲಿ ಇಲ್ಲವೇ ಇಲ್ಲ, ಬೀದಿ ಕೊನೆಯ ಗಿರಣಿಯಲ್ಲಿ. ಮೆಣಸಿನಕಾಯಿ ಒಣಗಿಸಲು ಟೆರೇಸ್ ಬೇಕಾದರೆ ಕಮಿಟಿಯನ್ನು ಕೇಳಿಯೇ ಹಾಸಿ, ಅದು ನಿಮ್ಮ ಒಬ್ಬರ ಅಂಗಳವಲ್ಲ.

ಕರಿದ ಎಣ್ಣೆ ಸಿಂಕ್‌ಗೆ ಬಿಸಿನೀರಿನ ಜೊತೆ ಬಿಟ್ರೆ ಆಯ್ತಲ್ವಾ?

ದಯವಿಟ್ಟು ಬೇಡ. ಈ ತಪ್ಪು ನಾನೇ ಮಾಡಿದ್ದು. ಮೊದಲ ದೀಪಾವಳಿ, ಹದಿನೆಂಟು ಕೆಜಿ ಚಕ್ಕುಲಿ. ಉಳಿದ ಎಣ್ಣೆಯನ್ನು ಬಿಸಿನೀರು ಬೆರೆಸಿ ಸಿಂಕ್‌ಗೆ ಬಿಟ್ಟೆ. ಬಿಸಿ ಇರುವ ತನಕ ಹರಿಯಿತು. ಎರಡು ಮಹಡಿ ಕೆಳಗೆ ಹೋಗುವಷ್ಟರಲ್ಲಿ ತಣ್ಣಗಾಗಿ, ಹಿಟ್ಟಿನ ಜೊತೆ ಸೇರಿ ಕೊಳವೆಗೆ ಮೇಣದ ಹಾಗೆ ಅಂಟಿಕೊಂಡಿತು. ಹಬ್ಬದ ಮಾರನೇ ದಿನ ನೆಲಮಹಡಿ ಮನೆಯ ಸಿಂಕ್‌ನಿಂದ ಎಲ್ಲರ ಮನೆಯ ನೀರೂ ಉಕ್ಕಿತು. ಪ್ಲಂಬರ್ ರಾಡ್ ಹಾಕಿ ಎಳೆದಾಗ ಬಂದದ್ದು ಮೊಣಕೈ ಉದ್ದದ ಬಿಳಿ ಮುದ್ದೆ. ಅದರಲ್ಲಿ ಚಕ್ಕುಲಿಯ ಎಳ್ಳು ಕಾಣುತ್ತಿತ್ತು. ಯಾರ ಮನೆಯದು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ. ಪ್ಲಂಬರ್ ದುಡ್ಡು ನಾನೇ ಕೊಟ್ಟೆ.

ಎಣ್ಣೆ ತಣ್ಣಗಾದ ಮೇಲೆ ಡಬ್ಬಿಗೆ ಸುರಿದಿಡಿ. ಬಳಸಿದ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡಲು ಸಂಗ್ರಹಿಸುವ ರುಕೋ ಎಂಬ ಯೋಜನೆಯನ್ನು ಎಫ್‌ಎಸ್‌ಎಸ್‌ಎಐ 2018ರಲ್ಲೇ ಶುರು ಮಾಡಿದೆ. ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕು ಜನ ಸೇರಿದರೆ ಒಂದು ಕ್ಯಾನ್ ತುಂಬುತ್ತದೆ. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಇರುವ ಕಡೆ ಎಣ್ಣೆ ಇನ್ನೂ ಕೇಡು. ಅಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗೆ ಗಾಳಿ ಸಿಗದ ಹಾಗೆ ಮಾಡುತ್ತದೆ.

ಡೆಲಿವರಿ ಹುಡುಗರು ಬರೋದು ಜಾಸ್ತಿ ಆಯ್ತು ಅಂತ ಸೆಕ್ಯೂರಿಟಿ ಗೊಣಗ್ತಾರೆ.

ನ್ಯಾಯವೇ. ಗೌರಿ ಹಬ್ಬದ ಮುಂಚಿನ ದಿನ ನಮ್ಮ ಗೇಟಿನ ರಿಜಿಸ್ಟರ್‌ನ ಒಂದು ಇಡೀ ಪುಟ ನನ್ನ ಫ್ಲಾಟ್ ನಂಬರ್‌ದೇ ಆಗಿತ್ತು. ಆಮೇಲೆ ಹೀಗೆ ಮಾಡಿದೆ: ಆರ್ಡರ್ ಎಲ್ಲ ಸಂಜೆ ನಾಲ್ಕರಿಂದ ಆರರೊಳಗೆ, ನಾನೇ ಒಂದು ಬುಟ್ಟಿಯಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ಕೂರುತ್ತೇನೆ. ಯಾರೂ ಮೇಲೆ ಬರುವ ಹಾಗಿಲ್ಲ. ಲಿಫ್ಟ್ ಜಗಳ ಅಲ್ಲಿಗೇ ನಿಂತಿತು. ಸಾಮಾನು ತರಿಸುವಾಗಲೂ ಸಕ್ಕರೆ ಮೂಟೆ, ಎಣ್ಣೆ ಟಿನ್ನು ಮಧ್ಯಾಹ್ನ ಎರಡರ ಮೇಲೆ ಬರಲಿ, ಶಾಲೆ ಬಸ್ ಹೊತ್ತಿನಲ್ಲಿ ಬೇಡ. ಕಾರಿಡಾರ್‌ನಲ್ಲಿ ರಟ್ಟಿನ ಡಬ್ಬ ಒಟ್ಟಬೇಡಿ. ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು.

ಭರತನಾಟ್ಯ ಕ್ಲಾಸ್ ಮಾಡ್ತೀನಿ, ಕೆಳಗಿನ ಮನೆಯವರು ಕಾಲಿನ ಸದ್ದು ಅಂತಾರೆ. ಕಲೆಗೂ ಇವರ ಅಪ್ಪಣೆ ಬೇಕಾ?

ನಿಮ್ಮ ತಟ್ಟಡವು ಅವರ ಮನೆಯಲ್ಲಿ ಸುತ್ತಿಗೆ ಏಟು. ಸಂಗೀತ, ಟ್ಯೂಷನ್, ಯೋಗ ಇವುಗಳ ಜೊತೆ ನೃತ್ಯವನ್ನು ಸೇರಿಸಲು ಆಗುವುದಿಲ್ಲ. ದಪ್ಪ ರಬ್ಬರ್ ಚಾಪೆ ಸ್ವಲ್ಪ ಸಹಾಯ ಮಾಡುತ್ತದೆ. ಕ್ಲಬ್‌ಹೌಸ್ ಹಾಲ್ ಬಾಡಿಗೆಗೆ ಕೇಳುವುದು ಇನ್ನೂ ವಾಸಿ. 2000ದ ಶಬ್ದ ನಿಯಮದಲ್ಲಿ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಮೈಕ್ ಇಟ್ಟು ಪಾಠ ಮಾಡುವವರಿಗೆ ಇದು ನೆನಪಿರಲಿ. ಟ್ಯೂಷನ್‌ನವರಿಗೆ ಸದ್ದಿಗಿಂತ ದೊಡ್ಡ ವಿಷಯ ಚಪ್ಪಲಿ ಮತ್ತು ಸ್ಕೂಟರ್. ಇಪ್ಪತ್ತು ಜೊತೆ ಚಪ್ಪಲಿ ಎದುರು ಮನೆಯ ರಂಗೋಲಿ ಮೇಲೆ ಬಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಮನೆ ಸಿಲಿಂಡರ್‌ನಲ್ಲೇ ಮಾಡಬಹುದಾ?

ವ್ಯಾಪಾರಕ್ಕೆ 14.2 ಕೆಜಿ ಮನೆ ಸಿಲಿಂಡರ್ ಬಳಸುವುದು 2000ದ ಎಲ್‌ಪಿಜಿ ಆದೇಶದ ಪ್ರಕಾರ ತಪ್ಪು. 19 ಕೆಜಿ ವಾಣಿಜ್ಯ ಸಿಲಿಂಡರ್ ಬೇಕು. ಆದರೆ ಅದನ್ನು ಫ್ಲಾಟ್ ಒಳಗೆ ಇಡಲು ಸಂಘ ಒಪ್ಪುವುದು ಕಷ್ಟ, ಬೆಂಕಿಯ ಹೆದರಿಕೆ ಸುಳ್ಳೂ ಅಲ್ಲ. ಹಾಗಾಗಿ ಬಹಳ ಜನ ಇಂಡಕ್ಷನ್ ಒಲೆಗೆ ಹೋಗುತ್ತಾರೆ. ನಾನೂ ಹುರಿಯುವುದನ್ನು ಅದರಲ್ಲೇ ಮಾಡುತ್ತೇನೆ. ಒಂದರ ಪಕ್ಕ ಒಂದು ನಾಲ್ಕು ಸಿಲಿಂಡರ್ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಓವನ್ ಇಟ್ಟ ಮೇಲೆ ಕರೆಂಟ್ ಬಿಲ್ ಬಂತು. ಗೃಹಜ್ಯೋತಿ ಹೋಯ್ತಾ?

ಹೋಗಿರಬಹುದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಯ ಮೇಲೆ ಶೇಕಡ 10 ಸೇರಿಸಿ ನಿಮ್ಮ ಪುಕ್ಕಟೆ ಯುನಿಟ್ ಎಷ್ಟೆಂದು ಗೊತ್ತು ಮಾಡಿದರು. ಅದನ್ನು ದಾಟಿದರೆ ಹೆಚ್ಚಿನದಕ್ಕೆ ಬಿಲ್, 200 ಯುನಿಟ್ ದಾಟಿದರೆ ಪೂರ್ತಿ ಬಿಲ್. 2,000 ವ್ಯಾಟ್ ಓವನ್ ಬಿಡದೆ ಉರಿದರೆ ಗಂಟೆಗೆ ಎರಡು ಯುನಿಟ್. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 25 ದಿನ ಅಂದರೆ ಅದೊಂದೇ 200ರ ಹತ್ತಿರ. ನಡುನಡುವೆ ತಾನೇ ಆರಿದರೂ ಫ್ರಿಜ್ಜು, ಗೀಸರ್ ಇದ್ದೇ ಇವೆಯಲ್ಲ. ಕೇಕ್ ಬೆಲೆ ಹಾಕುವಾಗ ಕರೆಂಟನ್ನೂ ಸೇರಿಸಿ.

ದೊಡ್ಡ ಮಟ್ಟಕ್ಕೆ ಹೋದರೆ ಇನ್ನೊಂದು ಅಪಾಯ ಇದೆ. ಮನೆ ಮೀಟರ್‌ನಲ್ಲಿ ವಾಣಿಜ್ಯ ಬಳಕೆ ಎಂದು ಕಂಡುಬಂದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನ್ವಯವಾಗುವ ದರದ ಎರಡರಷ್ಟು ಹಾಕುತ್ತಾರೆ. ಒಂದು ಹೊಲಿಗೆ ಮೆಷಿನ್‌ಗೆ ಹೆದರಬೇಡಿ. ಆರು ಮೆಷಿನ್ ಇಟ್ಟವರು ಬೆಸ್ಕಾಂ ಉಪವಿಭಾಗದಲ್ಲಿ ಕೇಳಿಕೊಂಡು ಬನ್ನಿ.

ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಲ್ಲಿ ಹಾಕಿದ್ರೆ ಅಡ್ಮಿನ್ ತೆಗೀತಾರೆ.

ನೀರಿನ ಟ್ಯಾಂಕರ್ ಬಂತಾ ಅನ್ನುವ ಗುಂಪಿನಲ್ಲಿ ನಿಪ್ಪಟ್ಟಿನ ಫೋಟೊ ಹಾಕಿದರೆ ನಾನೂ ತೆಗೆಯುತ್ತಿದ್ದೆ. ಮಾರುವ ಕೊಳ್ಳುವ ಗುಂಪನ್ನೇ ಬೇರೆ ಮಾಡಿಸಿ.

## ಗಂಟು ಬಿದ್ದಾಗ

ಕಮಿಟಿ ತಿಂಗಳಿಗೆ ಎರಡು ಸಾವಿರ ದಂಡ ಹಾಕಿದೆ. ಕಟ್ಟದಿದ್ರೆ ನೀರು, ಕರೆಂಟ್ ಕತ್ತರಿಸ್ತೀವಿ ಅಂತಾರೆ.

ಮೊದಲು ಕೇಳಬೇಕಾದದ್ದು: ಯಾವ ಬೈಲಾದ ಯಾವ ಸಾಲಿನ ಪ್ರಕಾರ? ಸರ್ವ ಸದಸ್ಯರ ಸಭೆಯಲ್ಲಿ ನಿರ್ಣಯ ಆಗಿದೆಯಾ? ನಡಾವಳಿಯ ಪ್ರತಿ ಕೊಡಿ. ಇದನ್ನು ಬಾಯಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಐದು ಜನ ಕಾಫಿ ಕುಡಿಯುತ್ತಾ ಗೊತ್ತು ಮಾಡಿದ ದಂಡಕ್ಕೆ ಬೆಲೆ ಇಲ್ಲ. ಬೈಲಾದಲ್ಲಿ ಸರಿಯಾಗಿ ಇದ್ದರೆ ಬೆಲೆ ಇದೆ. ಆಗ ವಾದ ಬಿಟ್ಟು ತೊಂದರೆ ಸರಿಮಾಡಿ.

ಕರೆಂಟ್ ಕೊಡುವುದು ಬೆಸ್ಕಾಂ, ಕತ್ತರಿಸುವುದೂ ಅದರ ಕೆಲಸ. ಸಂಘದ್ದಲ್ಲ. ನೀರು ನಿಲ್ಲಿಸುವ ಬೆದರಿಕೆ ಬಂದರೆ ಅದನ್ನು ಬರೆದೇ ಕೊಡಿ ಅನ್ನಿ. ಸಾಮಾನ್ಯವಾಗಿ ಯಾರೂ ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ವಕೀಲರ ಹತ್ತಿರ ಹೋಗಿ. ಮತ್ತೆ, ಸಿಟ್ಟಿಗೆ ಮೇಂಟೆನೆನ್ಸ್ ಕಟ್ಟುವುದು ಮಾತ್ರ ನಿಲ್ಲಿಸಬೇಡಿ. ಬಾಕಿದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದ ದಿನ ಸಭೆಯಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಬೈಲಾನೇ ಬದಲಾಯಿಸೋಕೆ ಆಗುತ್ತಾ?

ಆಗುತ್ತದೆ, ನಿಧಾನಕ್ಕೆ. ಎಷ್ಟು ಬಹುಮತ ಬೇಕು ಎಂದು ನಿಮ್ಮ ಬೈಲಾದಲ್ಲೇ ಬರೆದಿರುತ್ತದೆ. ಅದಕ್ಕಿಂತ ಸುಲಭದ ದಾರಿ, ವಾರ್ಷಿಕ ಸಭೆಯಲ್ಲಿ ಮನೆ ವ್ಯಾಪಾರಕ್ಕೆ ಒಂದು ಪುಟದ ನಡವಳಿಕೆ ನಿಯಮ ಮಾಡಿಸುವುದು. ನಮ್ಮಲ್ಲಿ ಮಾಡಿದ್ದು: ಹೊರಗಿನ ಕೆಲಸದವರು ಇಬ್ಬರಿಗಿಂತ ಜಾಸ್ತಿ ಇಲ್ಲ, ರಾತ್ರಿ ಎಂಟರ ಮೇಲೆ ಗಿರಾಕಿ ಇಲ್ಲ, ಕಾಮನ್ ಜಾಗದಲ್ಲಿ ಸಾಮಾನು ಇಲ್ಲ, ಗಿರಾಕಿಯ ಗಾಡಿ ರಸ್ತೆಯಲ್ಲಿ. ನಲವತ್ತು ನಿಮಿಷದಲ್ಲಿ ಒಪ್ಪಿಗೆಯಾಯಿತು. ಅದೇ ಸಭೆಯಲ್ಲಿ ನಾಯಿ ವಿಷಯಕ್ಕೆ ಎರಡು ಗಂಟೆ ಹಿಡಿಯಿತು.

ಬೆಂಕಿ ಬಿದ್ರೆ ಮನೆ ಇನ್ಶೂರೆನ್ಸ್ ಕೊಡುತ್ತಲ್ವಾ?

ಮನೆ ಪಾಲಿಸಿ ಎಂದರೆ ಸಾಮಾನ್ಯವಾಗಿ ಮನೆಗೆ. ಮಾರಲು ಇಟ್ಟ ಎರಡು ಲಕ್ಷದ ಸೀರೆ ಅದರಲ್ಲಿ ಬರುತ್ತದೆ ಎಂದು ಅಂದುಕೊಳ್ಳಬೇಡಿ. ವ್ಯಾಪಾರ ಮಾಡುತ್ತಿದ್ದೇನೆ ಎಂದು ಹೇಳಿಯೇ ಪಾಲಿಸಿ ಮಾಡಿಸಿ. ಮುಚ್ಚಿಟ್ಟರೆ ಪರಿಹಾರ ಕೇಳುವ ದಿನ ಅದೇ ನೆಪ.

ಮನೆಯಿಂದ ಹೊರಗೆ ಅಂಗಡಿ ಮಾಡೋ ಹೊತ್ತು ಬಂತು ಅಂತ ಹೇಗೆ ಗೊತ್ತಾಗುತ್ತೆ?

ಮನೆಯವರು ಊಟಕ್ಕೆ ಕೂರಲು ಜಾಗ ಇಲ್ಲದಾಗ. ನಮ್ಮಲ್ಲಿ ಒಂದು ದೀಪಾವಳಿಗೆ ಮಗನ ಮಂಚದ ಮೇಲೆ ಕೋಡುಬಳೆ ಡಬ್ಬಿ, ಅವನು ಹಾಲ್‌ನಲ್ಲಿ ಚಾಪೆ ಮೇಲೆ. ಈಗ ಕರಿಯುವುದಕ್ಕೆ ಮಾತ್ರ, ಹಬ್ಬದ ಹದಿನೈದು ದಿನ, ಹತ್ತಿರದ ಒಬ್ಬ ಅಡುಗೆ ಭಟ್ಟರ ಶೆಡ್ ಬಾಡಿಗೆಗೆ ಹಿಡಿಯುತ್ತೇನೆ. ಪುಡಿ ಇನ್ನೂ ಮೂರನೇ ಮಹಡಿಯಲ್ಲೇ. ಹನ್ನೊಂದು ಗಂಟೆಯ ಮೇಲೆ.